ಮೇಜಿನ ಮೇಲೆ ಬೀಳುವ ಬೆಳಕು

ಕೇಳುಗರಿಗೆ ನಮಸ್ಕಾರ. ಮನೆಯ ಹಿಂದಿನ ಕೋಣೆಯನ್ನೋ ಕಾರಿನ ಶೆಡ್ಡನ್ನೋ ವರ್ಕ್‌ಶಾಪ್ ಮಾಡಿಕೊಂಡವರು ಗರಗಸ, ಡ್ರಿಲ್ಲು ಅಂತ ಸಾವಿರಾರು ರೂಪಾಯಿ ಸುರಿಯುತ್ತಾರೆ. ತಲೆ ಎತ್ತಿ ನೋಡಿದರೆ ಮಧ್ಯದಲ್ಲಿ 9 ವಾಟಿನ ಒಂದೇ ಬಲ್ಬು! ಇವತ್ತು ಅದರ ವಿಷಯ ಮಾತಾಡೋಣ.

ಅಂಗಡಿಗೆ ಹೋದರೆ ನಾವು ಕೇಳುವುದು ಎಷ್ಟು ವಾಟ್ ಅಂತ. ವಾಟ್ ಅಂದರೆ ದೀಪ ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ. ಒಂದೇ 20 ವಾಟಿನ ಎರಡು ಎಲ್‌ಇಡಿ ಬ್ಯಾಟನ್‌ಗಳಲ್ಲಿ, ಅಂದರೆ ಟ್ಯೂಬಿನಂಥ ಉದ್ದನೆಯ ದೀಪಗಳಲ್ಲಿ, ಒಂದು 1,800 ಲ್ಯೂಮೆನ್, ಇನ್ನೊಂದು 2,200 ಕೊಡಬಹುದು.

ಮರಗೆಲಸಕ್ಕೆ ಮೇಜಿನ ಮೇಲೆ ಸುಮಾರು 500 ಲಕ್ಸ್ ಬೇಕು, ಅಂದರೆ ಪ್ರತಿ ಚದರ ಮೀಟರಿಗೆ 500 ಲ್ಯೂಮೆನ್. 10 ಅಡಿಗೆ 12 ಅಡಿ ಕೋಣೆ ಹೆಚ್ಚುಕಡಿಮೆ 11 ಚದರ ಮೀಟರ್. ಲೆಕ್ಕಕ್ಕೆ 5,500 ಸಾಕು, ಆದರೆ ಗೋಡೆ, ಧೂಳು ಒಂದಿಷ್ಟು ನುಂಗುವುದರಿಂದ 8,000 ಇಟ್ಟುಕೊಳ್ಳಿ. 2,000 ಲ್ಯೂಮೆನ್‌ನ ನಾಲ್ಕು ಬ್ಯಾಟನ್ ಆಯಿತು, ಒಟ್ಟು 80 ವಾಟ್. ದಿನಕ್ಕೆ ನಾಲ್ಕು ಗಂಟೆ ಉರಿಸಿದರೂ ತಿಂಗಳಿಗೆ 10 ಯೂನಿಟ್ ದಾಟುವುದಿಲ್ಲ. ಗೋಡೆ, ಸೀಲಿಂಗಿಗೆ ಬಿಳಿ ಸುಣ್ಣ ಹೊಡೆಸಿದರೆ ಇನ್ನೂ ಲಾಭ.

ಎಲ್ಲಿ ಹಾಕುತ್ತೀರಿ ಅನ್ನೋದು ಇದಕ್ಕಿಂತ ಮುಖ್ಯ. ದೀಪ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ನೆರಳೇ ಗುರುತು ಹಾಕಿದ ಗೆರೆಯ ಮೇಲೆ ಬೀಳುತ್ತದೆ. ದೀಪ ಮೇಜಿನ ಮುಂದಿನ ಅಂಚಿನ ನೇರಕ್ಕೆ, ಇಲ್ಲವೇ ಸ್ವಲ್ಪ ಗೋಡೆಯ ಕಡೆಗೆ, ಮೇಜಿನ ಉದ್ದಕ್ಕೂ ಬರಬೇಕು. ಇನ್ನು ನಮ್ಮ ಸೀಲಿಂಗ್ ಫ್ಯಾನು! ದೀಪ ಫ್ಯಾನಿನ ರೆಕ್ಕೆಗಿಂತ ಮೇಲಿದ್ದರೆ ಇಡೀ ಕೋಣೆ ಮಿಣಕ್ ಮಿಣಕ್ ಅನ್ನುತ್ತಿರುತ್ತದೆ, ಸ್ವಲ್ಪ ಹೊತ್ತಿಗೇ ತಲೆನೋವು. ದೀಪವನ್ನು ರೆಕ್ಕೆಗಿಂತ ಕೆಳಕ್ಕೆ ಇಳಿಸಿ, ಇಲ್ಲಾ ಬದಿಗೆ ಸರಿಸಿ.

ತಿರುಗುವ ಯಂತ್ರ ಇರುವವರು ಇದನ್ನು ಗಮನವಿಟ್ಟು ಕೇಳಿ. ನಮ್ಮ ಕರೆಂಟು 50 ಹರ್ಟ್ಸ್. ತಾಮ್ರದ ಚೋಕಿನ ಹಳೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಲೇತು ನಿಮಿಷಕ್ಕೆ 1,500 ಸುತ್ತು ತಿರುಗಿದರೆ ಸೆಕೆಂಡಿಗೆ 25 ಸುತ್ತು, ಅಂದರೆ ಕಾಲು ಸುತ್ತಿಗೊಮ್ಮೆ ಬೆಳಕು ಜೋರಾಗುತ್ತದೆ, ಹಾಗಾಗಿ ಮರವನ್ನು ಹಿಡಿದು ತಿರುಗಿಸುವ ನಾಲ್ಕು ಹಿಡಿಕೆಯ ಚಕ್ ನಿಂತೇ ಹೋದ ಹಾಗೆ ಕಾಣಬಹುದು. ಕೈ ಹಾಕಿದರೆ ಗತಿ ಏನು? ಅಗ್ಗದ ಎಲ್‌ಇಡಿಗಳಲ್ಲೂ ಈ ಕಾಟ ಇದೆ. ಅಂಗಡಿಯಲ್ಲೇ ದೀಪ ಹಚ್ಚಿಸಿ, ಅದರ ಕೆಳಗೆ ಪೆನ್ಸಿಲನ್ನು ಬೀಸಣಿಗೆ ಆಡಿಸಿದಂತೆ ಜೋರಾಗಿ ಆಡಿಸಿ. ಒಂದೇ ಪೆನ್ಸಿಲು ನಾಲ್ಕೈದಾಗಿ, ಬಿಡಿ ಬಿಡಿಯಾಗಿ ಕಂಡರೆ ಬೇಡ, ವಾಪಸ್ ಕೊಡಿ.

ಬಣ್ಣದ ಮಾತು ಬಂದರೆ ಚನ್ನಪಟ್ಟಣದ ಬೊಂಬೆ ಕೆಲಸವನ್ನೇ ನೋಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುತ್ತಾರೆ. ಅಲ್ಲಿ ಕೆಂಪಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯಲೇಬೇಕು, ಅಲ್ವಾ? ನೀವೂ ಬಣ್ಣ, ಪಾಲಿಶ್ ಮಾಡುವವರಾದರೆ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ, 90 ಇರುವ ದೀಪ ಕೇಳಿ, ಉಳಿದವರಿಗೆ 80 ಸಾಕು. ಬೆಳಕಿನ ಬಣ್ಣದ ಅಳತೆ ಕೆಲ್ವಿನ್‌ನಲ್ಲಿ; 6500 ಕೆಲ್ವಿನ್‌ನ ನೀಲಿಬಿಳುಪಿಗಿಂತ 4000 ನನಗೆ ಹಿತ, ಅದು ಅವರವರ ಇಷ್ಟ.

ಶೀಟಿನ ಚಾವಣಿ ಇದ್ದರೆ ಬ್ಯಾಟನ್ನನ್ನು ಶೀಟಿಗೇ ಅಂಟಿಸಬೇಡಿ. ಮಧ್ಯಾಹ್ನದ ಕಾವಿಗೆ ದೀಪದೊಳಗೆ ಎಲ್‌ಇಡಿಗೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಬೇಗ ಸಾಯುತ್ತದೆ. ಸರಪಳಿಯಲ್ಲಿ ಒಂದಡಿ ಇಳಿಬಿಡಿ, ಮರದ ಪುಡಿ ಒರೆಸಲೂ ಕೈಗೆ ಎಟಕುತ್ತದೆ. ನಮಸ್ಕಾರ.