ಪೈಪೇ ತಾನೆ ಎಂದ ಅಣ್ಣನಿಗೆ

ಈಗ ನನ್ನ ಅಂಗೈಯಲ್ಲಿ ಕಾಣುತ್ತಿರುವುದು ಒಂದು ಸೀಲು, ಎಣ್ಣೆ ನುಸುಳದಂತೆ ತಡೆಯುವ ಬಳೆ. ಅಂಚನ್ನು ಹತ್ತಿರದಿಂದ ನೋಡಿ, ಇಲಿ ಕಡಿದ ಹಾಗೆ ಚೂರು ಚೂರಾಗಿ ಎದ್ದಿದೆ. ನಮ್ಮ ಅಣ್ಣನ ಟ್ರ್ಯಾಕ್ಟರಿನ ಪಲ್ಟಿ ನೇಗಿಲಿನಲ್ಲಿ, ಸಾಲಿನ ಕೊನೆ ಮುಟ್ಟಿದಾಗ ನೇಗಿಲನ್ನು ಮಗುಚಿ ಹಾಕುವ ಹೈಡ್ರಾಲಿಕ್ ಸಿಲಿಂಡರ್ ಇರುತ್ತದಲ್ಲ, ಅದರೊಳಗಿನ ಪಿಸ್ಟನ್ನಿಗೆ ಹಾಕಿದ್ದ ಸೀಲು ಇದು. ಹಾಕಿ ಒಂದು ಹಂಗಾಮು ಕೂಡ ಮುಗಿದಿರಲಿಲ್ಲ. ನೇಗಿಲು ಅರ್ಧ ಎದ್ದು ಅಲ್ಲೇ ನಿಂತುಬಿಡುತ್ತಿತ್ತು. ಮಳೆ ಬಿದ್ದು ನೆಲ ಹದವಾಗಿರುವ ನಾಲ್ಕು ದಿನ ಕೈತಪ್ಪಿದರೆ ಏನಾಗುತ್ತದೆ ಎಂಬುದು ಹೊಲ ಇರುವವರಿಗೆ ಗೊತ್ತು.

ಆದದ್ದು ಇಷ್ಟೆ. ಸಿಲಿಂಡರಿನ ಹಳೆಯ ಕೊಳವೆ ಪೆಟ್ಟು ತಿಂದು ನೆಗ್ಗಿತ್ತು. ರಿಪೇರಿಯವರೊಬ್ಬರು ಹತ್ತಿರದ ಅಳತೆಯ ಸಾಮಾನ್ಯ ಪೈಪೊಂದನ್ನು ತಂದು, ಲೇತಿನಲ್ಲಿ ಒಳಗೆ ಒಂದು ಸುತ್ತು ಕೆರೆದು ಕೂರಿಸಿಕೊಟ್ಟಿದ್ದರು. ಕಣ್ಣಿಗೆ ನುಣುಪಾಗಿಯೇ ಇತ್ತು. ಆದರೆ ಟೂಲು ಬಿಟ್ಟ ಸಣ್ಣ ಸಣ್ಣ ಗೆರೆಗಳ ಮೇಲೆ ಸೀಲು ದಿನಕ್ಕೆ ನೂರಾರು ಸಲ ಉಜ್ಜಿಕೊಂಡು ಹೀಗಾಯಿತು. ಸರಿಯಾದ ಕೊಳವೆಗೆ ಎಷ್ಟಾಗುತ್ತದೆ ಎಂದು ನಾನು ವಿಚಾರಿಸಿಕೊಂಡು ಬಂದು ಹೇಳಿದಾಗ ಅಣ್ಣ ಕೇಳಿದ: “ತಮ್ಮಾ, ಪೈಪೇ ತಾನೆ? ಇದಕ್ಕೇಕೆ ಇಷ್ಟು ದುಡ್ಡು?”

ಆ ಪ್ರಶ್ನೆಯನ್ನು ಕಿಸೆಯಲ್ಲಿಟ್ಟುಕೊಂಡು ಕೊಳವೆ ಎಳೆಯುವ ಕಾರ್ಖಾನೆಯೊಂದಕ್ಕೆ ಬಂದಿದ್ದೇನೆ. ಕ್ಯಾಮೆರಾ ಒಳಗೆ ಬಿಟ್ಟದ್ದೇ ದೊಡ್ಡ ಉಪಕಾರ. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ.

ಕಬ್ಬಿಣವನ್ನು ಕಾದಾಗಲೇ ಬಡಿಯಬೇಕು ಎಂದು ಕೇಳಿ ಬೆಳೆದವರು ನಾವು. ಇಲ್ಲಿ ನಡೆಯುವುದು ಅದಕ್ಕೆ ಉಲ್ಟಾ. ಎಳೆಯುವ ಹೊತ್ತಿಗೆ ಇಲ್ಲಿ ಉಕ್ಕನ್ನು ಕಾಯಿಸುವುದೇ ಇಲ್ಲ. ತಣ್ಣಗಿರುವ ಕೊಳವೆಯನ್ನು, ಅದಕ್ಕಿಂತ ಕಿರಿದಾದ ಕಂಡಿಯೊಳಗಿಂದ ಜಗ್ಗಿ ಎಳೆಯುತ್ತಾರೆ. ಅಕ್ಕಸಾಲಿಗರು ಬಂಗಾರದ ತಂತಿಯನ್ನು ತೂತುಗಳಿರುವ ಉಕ್ಕಿನ ಅಚ್ಚಿನಲ್ಲಿ ಒಂದೊಂದೇ ತೂತು ಇಳಿಸುತ್ತಾ ಸಣ್ಣದು ಮಾಡುವುದನ್ನು ನೋಡಿದ್ದರೆ ಅರ್ಧ ವಿಷಯ ನಿಮಗೆ ಈಗಲೇ ಗೊತ್ತು. ಶ್ಯಾವಿಗೆ ಒರಳಿನ ಕೆಲಸ ಬೇರೆ. ಅಲ್ಲಿ ಹಿಟ್ಟನ್ನು ಹಿಂದಿನಿಂದ ಒತ್ತುತ್ತೇವೆ. ಇಲ್ಲಿ ಮುಂದಿನಿಂದ ಎಳೆಯುತ್ತಾರೆ, ಗುಟ್ಟೆಲ್ಲ ಆ ಎಳೆತದಲ್ಲೇ ಇದೆ.

ಅಂಗಳದಲ್ಲಿ ರಾಶಿ ಹಾಕಿರುವ ಕಂದು ಬಣ್ಣದ ಕೊಳವೆಗಳಲ್ಲಿ ಎರಡು ಜಾತಿ. ಒಂದು, ಉಕ್ಕಿನ ಪಟ್ಟಿಯನ್ನು ಸುರುಳಿ ಬಿಚ್ಚಿ, ರೋಲರುಗಳಲ್ಲಿ ದುಂಡಗೆ ಬಾಗಿಸಿ, ಎರಡು ಅಂಚುಗಳನ್ನು ವಿದ್ಯುತ್ತಿನಿಂದ ಬೆಸೆದದ್ದು. ಇನ್ನೊಂದು ಬೆಸುಗೆಯೇ ಇಲ್ಲದ್ದು. ಕಾದು ಕೆಂಪಾದ ಗಟ್ಟಿ ಉಕ್ಕಿನ ದಿಮ್ಮಿಯನ್ನು ಓರೆಯಾಗಿ ನಿಲ್ಲಿಸಿದ ಎರಡು ರೋಲರುಗಳ ನಡುವೆ ಉರುಳಿಸಿದರೆ ಅದರ ನಡುವೆ ತಾನಾಗಿಯೇ ಬಿರುಕು ಬಿಡಲು ನೋಡುತ್ತದೆ. ಅಲ್ಲಿಗೆ ಒಂದು ಮೊನೆಯನ್ನು ಒಡ್ಡಿ ಟೊಳ್ಳು ಮಾಡುತ್ತಾರೆ. ಜರ್ಮನಿಯ ರೆಮ್‌ಶೈಡ್ ಊರಿನ ಮನ್ನೆಸ್‌ಮನ್ ಸಹೋದರರು 1885ರ ಹೊತ್ತಿಗೆ ಕಂಡುಕೊಂಡ ಉಪಾಯ ಇದು. ನಮ್ಮ ಸಿಲಿಂಡರಿನ ಕೊಳವೆ ಈ ಎರಡರಲ್ಲಿ ಯಾವುದರಿಂದಲೂ ಆಗಬಹುದು. ಬೆಸೆದದ್ದಾದರೆ ಒಳಗೆ ಎದ್ದಿರುವ ಬೆಸುಗೆಯ ಏಣನ್ನು ಮೊದಲೇ ಕೆತ್ತಿ ತೆಗೆದಿರಬೇಕು.

ಮೊದಲ ಕೆಲಸ ಮೂತಿ ಮಾಡುವುದು. ಕೊಳವೆಯ ಒಂದು ತುದಿಯನ್ನು ಬಡಿದು ಸಣ್ಣಗೆ ಮಾಡುತ್ತಾರೆ, ಸೂಜಿಗೆ ಪೋಣಿಸುವ ಮೊದಲು ದಾರದ ತುದಿಯನ್ನು ಹೊಸೆದ ಹಾಗೆ. ಆಮೇಲೆ ಆಸಿಡ್ ತೊಟ್ಟಿ. ತುಕ್ಕು, ಸಿಪ್ಪೆ ಎಲ್ಲ ಕಳಚಿ ಉಕ್ಕು ಬೂದು ಬಣ್ಣಕ್ಕೆ ತಿರುಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಆಸಿಡ್ ಉಕ್ಕನ್ನೇ ತಿನ್ನುತ್ತದೆ, ಹಾಗಾಗಿ ತೊಟ್ಟಿಯ ಬಳಿ ಒಬ್ಬರು ಗಡಿಯಾರ ನೋಡುತ್ತಲೇ ಇರುತ್ತಾರೆ. ನೀರಿನಲ್ಲಿ ಜಾಲಿಸಿ ತೆಗೆದ ಮೇಲೆ ಸತು ಫಾಸ್ಫೇಟಿನ ತೊಟ್ಟಿ, ಕೊನೆಗೆ ಬಿಸಿ ಸೋಪಿನ ತೊಟ್ಟಿ.

ಸೋಪು ಎಂದಾಗ ನನಗೂ ಆಶ್ಚರ್ಯವಾಯಿತು. ನೇರವಾಗಿ ಸೋಪು ಹಚ್ಚಿದರೆ ಆಗದೆ, ನಡುವೆ ಫಾಸ್ಫೇಟ್ ಯಾಕೆ? ನಮ್ಮ ಅಜ್ಜಿ ಹಣೆಗೆ ಮೊದಲು ಮೇಣ ಸವರಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಬರೀ ಹಣೆಯ ಮೇಲೆ ಕುಂಕುಮ ನಿಲ್ಲುವುದಿಲ್ಲ. ಹಾಗೆಯೇ ಬರೀ ಉಕ್ಕಿನ ಮೇಲೆ ಸೋಪು ನಿಲ್ಲುವುದಿಲ್ಲ. ಫಾಸ್ಫೇಟಿನ ಹರಳುಗಳು ಉಕ್ಕನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತವೆ, ಸೋಪು ಆ ಹರಳುಗಳ ಜೊತೆ ಬೆರೆತು ಜಾರುವ ಪದರವಾಗುತ್ತದೆ. ಈ ಕೊಳವೆಯ ಮೇಲೆ ಉಗುರಿನಿಂದ ಗೀರಿ ನೋಡಿದೆ. ಮೇಣದಂಥ ಬಿಳಿ ಪುಡಿ ಉಗುರಿನೊಳಗೆ ಸೇರಿಕೊಂಡಿತು. ಇಷ್ಟು ತೆಳುವಾದ ಪದರವೇ ಉಕ್ಕಿಗೂ ಅಚ್ಚಿಗೂ ನಡುವೆ ನಿಲ್ಲುವುದು.

ಈಗ ಬಂದೆವು ನೋಡಿ, ಡ್ರಾ ಬೆಂಚಿಗೆ. ಉದ್ದನೆಯ ಕಬ್ಬಿಣದ ಹಾಸು, ಅದರ ನಡುವೆ ಓಡುತ್ತಲೇ ಇರುವ ದಪ್ಪ ಚೈನು. ಮಧ್ಯದಲ್ಲಿ ಅಚ್ಚು, ಎಂದರೆ ಡೈ. ಅದರ ಎದೆಯಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡಿನ ಉಂಗುರ, ಕನ್ನಡಿಯ ಹಾಗೆ ಹೊಳೆಯುತ್ತದೆ. ಕೊಳವೆಯ ಹಿಂದಿನಿಂದ ಒಂದು ಉದ್ದ ಸರಳು ಒಳಗೆ ಹೋಗುತ್ತದೆ, ಅದರ ತುದಿಯಲ್ಲಿ ಪ್ಲಗ್. ಡೈ ಹೊರಗಿನ ಅಳತೆಯನ್ನು ಹಿಡಿದರೆ ಪ್ಲಗ್ ಒಳಗಿನ ಅಳತೆಯನ್ನು ಹಿಡಿಯುತ್ತದೆ. ಎರಡರ ನಡುವೆ ಉಳಿದ ಸಂದು ಎಷ್ಟೋ, ಕೊಳವೆಯ ಗೋಡೆ ಅಷ್ಟೇ ದಪ್ಪ.

ಮೂತಿ ಡೈಯಿಂದ ಈಚೆ ಬಂತು. ಹಾಸಿನ ಮೇಲೆ ಓಡುವ ಗಾಡಿಯ ದವಡೆ ಅದನ್ನು ಕಚ್ಚಿತು. ಗಾಡಿಯ ಕೊಕ್ಕೆ ಚೈನಿಗೆ ಬಿತ್ತು. ಈ ಸದ್ದು ಕೇಳಿ. ಮೊದಲು ಒಂದು ದಡ್ ಎಂಬ ಹೊಡೆತ, ಆಮೇಲೆ ಒಂದೇ ಸಮನೆಯ ಗುಂಯ್ ಎಂಬ ನಾದ. ಬೆಂಚಿನ ಹಿರಿಯ ಕೆಲಸಗಾರರು ಹೇಳಿದರು: “ಈ ದನಿ ಒಂದೇ ಸಮ ಇದ್ದರೆ ನಾವು ಕೊಳವೆಯನ್ನು ನೋಡುವುದೇ ಬೇಡ. ಕೀರಲು ಶುರುವಾಯಿತೋ, ಸೋಪು ಹರಿದಿದೆ ಎಂದೇ ಲೆಕ್ಕ.” ಆಗ ಉಕ್ಕಿನ ಕಣ ಪ್ಲಗ್ಗಿಗೆ ಅಂಟಿಕೊಂಡು ಕೊಳವೆಯ ಒಳಗೆ ಈ ತುದಿಯಿಂದ ಆ ತುದಿಯವರೆಗೆ ಗೀರು ಎಳೆದುಬಿಡುತ್ತದೆಯಂತೆ. ಅವರು ಮಾತನಾಡುವಾಗಲೂ ಕಿವಿ ಬೆಂಚಿನ ಕಡೆಗೇ ಇತ್ತು.

ಎಳೆತ ಮುಗಿದ ಕೂಡಲೇ ನಾನು ಕೈ ಚಾಚಿದೆ. ಅವರು ತಟ್ಟನೆ ತಡೆದರು. ಯಾರೂ ಬೆಂಕಿ ತೋರಿಸದ ಕೊಳವೆ ಮುಟ್ಟಲಾಗದಷ್ಟು ಸುಡುತ್ತಿತ್ತು. ಉಕ್ಕಿನ ಮೈ ಹಿಂಡಿದ ಶ್ರಮವೇ ಅಲ್ಲಿ ಶಾಖವಾಗಿ ನಿಂತಿತ್ತು.

ಒಳಗೆ ಹೋದದ್ದು 76 ಮಿಲಿಮೀಟರ್ ಹೊರವ್ಯಾಸ, 6 ಮಿಲಿಮೀಟರ್ ಗೋಡೆಯ ಕೊಳವೆ ಎಂದುಕೊಳ್ಳಿ. ಹೊರಗೆ ಬಂದದ್ದು 70ರದ್ದು, ಗೋಡೆ 5. ಲೆಕ್ಕ ಹಾಕಿದರೆ ಅಡ್ಡ ಕೊಯ್ತದಲ್ಲಿ ಸುಮಾರು ಶೇಕಡ 23ರಷ್ಟು ಕಡಿಮೆಯಾಯಿತು. ಆ ಉಕ್ಕು ಎಲ್ಲಿಗೂ ಹೋಗಿಲ್ಲ; 5 ಮೀಟರ್ ಇದ್ದದ್ದು ಹತ್ತಿರ ಹತ್ತಿರ ಆರೂವರೆ ಮೀಟರ್ ಆಗಿದೆ. ಒಂದು ಚೂರು ಲೋಹವನ್ನೂ ಕೆತ್ತದೆ ಅಳತೆಗೆ ತಂದ ಬಗೆ ಇದು.

ಅಳತೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಲ. ಉಕ್ಕು ಹರಳುಗಳ ಕೂಟ. ಎಳೆದಾಗ ಹರಳಿನೊಳಗಿನ ಪದರಗಳು ಒಂದರ ಮೇಲೊಂದು ಜಾರುತ್ತವೆ, ಜಾರಿದ ಕಡೆಯೆಲ್ಲ ಎಳೆಗಳು ಸಿಕ್ಕು ಬೀಳುತ್ತವೆ. ನೂಲಿನ ಲಡಿ ಸಿಕ್ಕಾದ ಮೇಲೆ ಎಷ್ಟು ಎಳೆದರೂ ಬಿಡಿಸಿಕೊಳ್ಳುವುದಿಲ್ಲವಲ್ಲ, ಹಾಗೆ ಉಕ್ಕು ಬಿಗಿಯಾಗುತ್ತದೆ. ಸಿಲಿಂಡರುಗಳಿಗೆ ಬಳಸುವ ಇ355 ಎಂಬ ದರ್ಜೆಯನ್ನು ನೋಡಿ. ಹೆಸರಿನಲ್ಲಿರುವ 355 ಎಂದರೆ, ಕಾಯಿಸಿ ಹದ ಮಾಡಿದ ಸ್ಥಿತಿಯಲ್ಲಿ ಅದು ಚದರ ಮಿಲಿಮೀಟರಿಗೆ ಕನಿಷ್ಠ 355 ನ್ಯೂಟನ್ ತಡೆದ ಮೇಲೆಯೇ ಸೋಲಬೇಕು. ಅದೇ ಉಕ್ಕನ್ನು ತಣ್ಣಗೆ ಎಳೆದು, ಒಳಗಿನ ಬಿಗುಪು ಸ್ವಲ್ಪ ಇಳಿಯುವಷ್ಟು ಮಾತ್ರ ಕಾಯಿಸಿದರೆ ಯುರೋಪಿನ ಮಾನದಂಡ ಕೇಳುವುದು ಕನಿಷ್ಠ 450. ಮೇಲಿನಿಂದ ಏನನ್ನೂ ಸೇರಿಸಿಲ್ಲ. ಅದೇ ಉಕ್ಕು, ಎಳೆತ ಕೊಟ್ಟ ಬಲ.

ಇದಕ್ಕೆ ಬೆಲೆಯೂ ಇದೆ. ಹರಿಯುವ ಮೊದಲು ಶೇಕಡ 22ರಷ್ಟಾದರೂ ಹಿಗ್ಗಬೇಕಿದ್ದ ಉಕ್ಕಿಗೆ ಈಗ ಶೇಕಡ 10 ಸಾಕು ಎನ್ನುತ್ತದೆ ಅದೇ ಮಾನದಂಡ. ಇನ್ನೂ ಸಣ್ಣದು ಮಾಡಬೇಕೆಂದು ಹಾಗೆಯೇ ಎಳೆಯುತ್ತಾ ಹೋದರೆ ಮೂತಿಯ ಬಳಿ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಎಳೆತಗಳ ನಡುವೆ ಕುಲುಮೆಗೆ ಕಳಿಸಿ, ಸಿಕ್ಕು ಬಿಡಿಸಿ, ಮತ್ತೆ ಆಸಿಡ್, ಮತ್ತೆ ಫಾಸ್ಫೇಟ್, ಮತ್ತೆ ಸೋಪು. ಅಣ್ಣನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಉಳಿದರ್ಧ ಹೋನಿಂಗ್ ಯಂತ್ರದಲ್ಲಿ. ಸೊಟ್ಟ ತೆಗೆದು ತುಂಡು ಮಾಡಿದ ಕೊಳವೆಯ ಒಳಗನ್ನು ಸಾಣೆಕಲ್ಲುಗಳು ತಿರುಗುತ್ತಾ, ಹಿಂದೆ ಮುಂದೆ ಓಡಾಡುತ್ತಾ ಉಜ್ಜುತ್ತವೆ. ಒಳವ್ಯಾಸವನ್ನು 60ಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿ ಎಳೆದಿಟ್ಟಿರುವುದರಿಂದ ತೆಗೆಯಬೇಕಾದದ್ದು ಬಹಳ ಸ್ವಲ್ಪ. ಸಾಮಾನ್ಯವಾಗಿ ಕೇಳುವ ಎಚ್8 ಎಂಬ ನಿಖರತೆಯ ದರ್ಜೆಯಲ್ಲಿ, 60 ಮಿಲಿಮೀಟರಿಗೆ ಸಿಗುವ ರಿಯಾಯಿತಿ 46 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲೂ ಇಲ್ಲ. ಒಳವ್ಯಾಸ ಅಳೆಯುವ ಬೋರ್ ಗೇಜನ್ನು ಒಳಗೆ ಬಿಟ್ಟಾಗ ಮುಳ್ಳು ಅಲುಗಾಡಲು ಮನಸ್ಸಿಲ್ಲದಂತೆ ನಿಂತದ್ದನ್ನು ನೋಡಿದೆ.

ಇಂಥ ಕೊಳವೆಗೆ ಮೊದಲು ಹಸಿವು ಹುಟ್ಟಿಸಿದ್ದು ಸೈಕಲ್. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಸೈಕಲಿನ ಹುಚ್ಚು ಹತ್ತಿದಾಗ, ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಒಂದು ಪೇಟೆಂಟ್ ಪಡೆದರು: ಹೊರಗಿನಿಂದ ಒಂದೇ ಸಮ ಕಾಣುವ, ಆದರೆ ಬೆಸೆಯುವ ತುದಿಗಳಲ್ಲಿ ಗೋಡೆ ದಪ್ಪ, ನಡುವೆ ತೆಳು ಇರುವ ಕೊಳವೆ. ನಮ್ಮಲ್ಲಿಯೂ ಸೈಕಲ್ ಜೊತೆಗೇ ಬಂತು. ಚೆನ್ನೈ ಬಳಿಯ ಆವಡಿಯಲ್ಲಿ ಟ್ಯೂಬ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಶುರುವಾದದ್ದು 1955ರಲ್ಲಿ. ಈಗ ಬೈಕಿನ ಮುಂದಿನ ಫೋರ್ಕ್, ಶಾಕ್ ಅಬ್ಸಾರ್ಬರ್, ಲಾರಿಯ ಪ್ರೊಪೆಲ್ಲರ್ ಶಾಫ್ಟ್, ಎಲ್ಲದರಲ್ಲೂ ಇದೇ ಜಾತಿಯ ಕೊಳವೆ. ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದ ಬೆಳಗಾವಿಯ ಉದ್ಯಮಬಾಗಿನಲ್ಲಿ ಓಡಾಡಿದರೆ ಅಂಗಡಿ ಮುಂದೆ ಕಟ್ಟು ಕಟ್ಟಾಗಿ ಒರಗಿಸಿರುವುದು ಕಾಣುತ್ತದೆ.

ಹೊಸ ಕೊಳವೆಯೊಂದಿಗೆ ಊರಿಗೆ ಬಂದೆ. ಸಿಲಿಂಡರನ್ನು ಜೋಡಿಸುವ ಮೊದಲು ಅಣ್ಣನಿಗೆ ಹೇಳಿದೆ, “ಒಳಗೆ ಬೆರಳು ಬಿಟ್ಟು ನೋಡಣ್ಣ.” ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು ತೋರುಬೆರಳನ್ನು ಒಳಗೆ ಸುತ್ತಲೂ ಆಡಿಸಿದ. ಆಮೇಲೆ ಕಿತ್ತು ಹಾಕಿದ್ದ ಹಳೆಯ ಪೈಪಿನೊಳಗೂ ಆಡಿಸಿದ. ಮತ್ತೆ ಹೊಸದಕ್ಕೆ ಬಂದ. 150 ಬಾರ್ ಒತ್ತಡದಲ್ಲಿ ಎಣ್ಣೆ ಇದರೊಳಗೆ ನಾಲ್ಕು ಟನ್ನಿಗೂ ಮೀರಿದ ಬಲದಿಂದ ಪಿಸ್ಟನ್ನನ್ನು ನೂಕುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಇದು ಮರುದಿನ ಬೆಳಗ್ಗೆ ತೆಗೆದ ದೃಶ್ಯ. ಸಾಲಿನ ಕೊನೆಗೆ ಬಂದ, ಲಿವರ್ ಎಳೆದ. ನೇಗಿಲು ಎಲ್ಲಿಯೂ ತಡೆಯದೆ ಮಗುಚಿಕೊಂಡು ಆ ಬದಿಗೆ ಕೂತಿತು. ಅಣ್ಣ ಟ್ರ್ಯಾಕ್ಟರಿನಿಂದ ಇಳಿದು ಸಿಲಿಂಡರಿನಿಂದ ಹೊರಬರುವ ರಾಡನ್ನು ಬೆರಳಿನಿಂದ ಒರೆಸಿ, ಬೆರಳನ್ನು ನನಗೆ ತೋರಿಸಿದ. ಮಣ್ಣಿನ ಧೂಳಿತ್ತು, ಸೋರಿದ ಎಣ್ಣೆ ಇರಲಿಲ್ಲ. “ಆ ಹಳೆಯ ಪೈಪನ್ನು ಬಿಸಾಡಬೇಡ, ರಿಪೇರಿಯವರಿಗೆ ತೋರಿಸೋಣ” ಎಂದು ಹೇಳಿ ಮತ್ತೆ ಹತ್ತಿ ಕೂತ.