ಗಂಡಸರ ಎದೆಗೆ ಸಿಲಿಕೋನ್: ನಗುವ ಮೊದಲು

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಇವತ್ತಿನ ವಿಷಯ ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೇಜಾರಿಲ್ಲ. ನಾನು ಮಾತಾಡಬೇಕೆಂದು ಬಂದಿರುವುದೇ ಆ ನಗುವಿನ ಬಗ್ಗೆ. ಅದಕ್ಕೆ ಹೆದರಿ ಗಂಡಸರು, ಎದೆ ತುಂಬಿಕೊಂಡು ಕಾಣಲೆಂದು ಒಳಗೆ ಸಿಲಿಕೋನ್ ಹಾಕಿಸಿಕೊಳ್ಳುವ ಈ ಆಪರೇಷನ್ನನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಅಪಾಯ ಜಾಸ್ತಿ.

ಇಲ್ಲಿ ಬಳಸುವುದು ಜೆಲ್ ತುಂಬಿದ ಚೀಲವಲ್ಲ. ರಬ್ಬರಿನ ಹಾಗೆ ಬಾಗುವ, ಒಳಗೂ ಗಟ್ಟಿಯಾಗಿರುವ ಸಿಲಿಕೋನ್ ತುಂಡು. ಹಾಗಾಗಿ ಒಡೆದು ಸೋರುವುದಿಲ್ಲ. ಕಂಕುಳಲ್ಲಿ ನಾಲ್ಕೈದು ಸೆಂಟಿಮೀಟರ್ ಕೊಯ್ದು, ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಜಾಗ ಮಾಡಿ ಒಳಗೆ ಸೇರಿಸುತ್ತೇವೆ. ಕಲೆ ಕಂಕುಳಲ್ಲೇ ಅಡಗುತ್ತದೆ. ಆಕಾರ ಬರುತ್ತದೆ, ಬಲ ಬರುವುದಿಲ್ಲ. "ಡಾಕ್ಟ್ರೇ, ಬೆಂಚ್ ಪ್ರೆಸ್ ಎಷ್ಟು ಜಾಸ್ತಿ ಎತ್ತಬಹುದು?" ಅಂತ ಒಬ್ಬರು ಕೇಳಿದ್ದರು. ಜಾಸ್ತಿ ಆಗೋದು ನಿಮ್ಮ ತೂಕ ಮಾತ್ರ, ಅಂದೆ.

ಇದೆಲ್ಲ ಬರೀ ಶೋಕಿ ಅನ್ನುವವರಿದ್ದಾರೆ. 1841ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಪೋಲೆಂಡ್ ಎಂಬ ವಿದ್ಯಾರ್ಥಿ ಹೆಣ ಕೊಯ್ದು ಕಲಿಯುವಾಗ, ಒಂದು ಕಡೆ ಎದೆಯ ಸ್ನಾಯು ಬಹುಪಾಲು ಇಲ್ಲದ್ದನ್ನು ಕಂಡು ಬರೆದಿಟ್ಟ. ಇಂದಿಗೂ ಆ ಸ್ಥಿತಿಗೆ ಅವನದೇ ಹೆಸರು. ಹುಟ್ಟಿನಿಂದಲೇ ಹೀಗಿರುವವರಲ್ಲಿ ಹೆಚ್ಚಿನವರಿಗೆ ಬಲಗಡೆಯೇ ಖಾಲಿ. ಅಂಥ ಹುಡುಗ ಈಜಲು ಹೋಗುವುದಿಲ್ಲ, ಯಾರೆದುರೂ ಅಂಗಿ ಬಿಚ್ಚುವುದಿಲ್ಲ. ಅವನಿಗೆ ಹಾಕಿದರೆ ಚಿಕಿತ್ಸೆ, ಪಕ್ಕದವನಿಗೆ ಹಾಕಿದರೆ ಶೋಕಿ. ಆದರೆ ಅಂಗಿಯೊಳಗೆ ಇಬ್ಬರೂ ಬಚ್ಚಿಡುವುದು ಒಂದೇ ನಾಚಿಕೆ, ಅಲ್ವಾ? ನಮ್ಮ ಮಾತೂ ಹಾಗೇ ಇದೆ. ಧೈರ್ಯ ಇದ್ದರೆ ಎದೆಗಾರಿಕೆ, ಹೆಮ್ಮೆಯಾದರೆ ಎದೆಯುಬ್ಬುತ್ತದೆ. ಚಪ್ಪಟೆ ಎದೆಯವನು ಏನು ಮಾಡಬೇಕು?

ಈಗ ಸೂಟ್‌ಕೇಸಿನ ಕಥೆ. ನನ್ನ ಮಾತು ಮೊದಲೂ ಕೇಳಿದವರು ಕ್ಷಮಿಸಿ, ಇದನ್ನು ಹೇಳದೆ ಬಿಡಲಾರೆ. ನಲವತ್ತು ದಾಟಿದ ಒಬ್ಬರು, ಕೆಲಸದ ಮೇಲೆ ಹೊರಗೆ ಹೋಗ್ತೀನಿ ಅಂತ ಹೆಂಡತಿಗೆ ಹೇಳಿ ಆಪರೇಷನ್ ಮಾಡಿಸಿಕೊಂಡರು. ಒಂದು ವಾರ ಹೋಟೆಲಿನಲ್ಲಿದ್ದರು. ಭಾರ ಎತ್ತಬೇಡಿ, ಬಿಗಿ ಪಟ್ಟಿ ಬಿಚ್ಚಬೇಡಿ ಅಂತ ನೂರು ಸಲ ಹೇಳಿದ್ದೆ. ಮನೆಗೆ ಹೋದರು. ಪಟ್ಟಿ ಕಂಡೀತೆಂದು ಬಿಚ್ಚಿ ಹೋಗಿದ್ದರು! ಹೆಂಡತಿ ಹೇಳಿದರು, "ಆ ಸೂಟ್‌ಕೇಸ್ ಬೀರುವಿನ ಮೇಲೆ ಇಟ್ಟುಬಿಡ್ರಿ." ಆಗಲ್ಲ ಅನ್ನಲು ಕಾರಣ ಬೇಕಲ್ಲ? ಎತ್ತಿದರು. ರಾತ್ರಿಯೊಳಗೆ ಎಡಗಡೆ ಎದೆ ಊದಿಕೊಂಡು ನೀಲಿಗಟ್ಟಿತು. ಒಳಗೆ ರಕ್ತ ತುಂಬಿತ್ತು. ಮತ್ತೆ ತೆರೆದು ತೊಳೆಯಬೇಕಾಯಿತು.

ಹೆಂಡತಿ ಓಡಿ ಬಂದರು. "ಹಾರ್ಟಾ, ಡಾಕ್ಟ್ರೇ?" ಅಂತ ನಡುಗುತ್ತಿದ್ದರು. ರೋಗಿಯ ಒಪ್ಪಿಗೆ ಇಲ್ಲದೆ ನಾನು ಬಾಯಿ ಬಿಡುವ ಹಾಗಿಲ್ಲ. ಹಾರ್ಟ್ ಚೆನ್ನಾಗಿದೆ, ಉಳಿದದ್ದು ಅವರೇ ಹೇಳ್ತಾರೆ, ಅಂದೆ. ಹೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಿದ್ರೆ ಸೂಟ್‌ಕೇಸ್ ನಾನೇ ಎತ್ತಿಡ್ತಿದ್ದೆ" ಅಂದರು. ಅಷ್ಟೇ.

ಮುಚ್ಚಿಟ್ಟಷ್ಟೂ ಅಪಾಯ ಅಂದೆನಲ್ಲ, ಅದು ಆಪರೇಷನ್ನಿಗೆ ಮೊದಲೇ ಶುರುವಾಗುತ್ತದೆ. ಜಿಮ್ಮಿನಲ್ಲಿ ಸ್ಟೀರಾಯ್ಡ್ ಚುಚ್ಚಿಸಿಕೊಂಡದ್ದನ್ನು ಹೇಳುವುದಿಲ್ಲ. ಸಿಗರೇಟು ಹೇಳುವುದಿಲ್ಲ, ಅದರಿಂದ ಗಾಯ ಮಾಯುವುದು ತಡ. ಆಸ್ಪಿರಿನ್ ಹೇಳುವುದಿಲ್ಲ, ಅದರಿಂದ ರಕ್ತ ನಿಲ್ಲುವುದು ತಡ.

ಚೀಟಿ ಬಂತು. ಮೂರು ನಿಮಿಷವಂತೆ. ಸೂಟ್‌ಕೇಸ್ ಜಾಸ್ತಿ ಸಮಯ ತಿಂದಿತು.

ಬೇಗ ಹೇಳಿಬಿಡ್ತೀನಿ. ಸೋಂಕಾಗಬಹುದು, ನೀರು ತುಂಬಬಹುದು, ತುಂಡು ಜರುಗಬಹುದು, ತೋಳಿನ ಒಳಭಾಗ ಮರಗಟ್ಟಬಹುದು. ಎದೆಯ ವ್ಯಾಯಾಮಕ್ಕೆ ಕೆಲವು ವಾರ ರಜೆ. ಸಿಲಿಕೋನ್ ಬೇಡವೆಂದರೆ ಹೊಟ್ಟೆಯ ಕೊಬ್ಬು ತೆಗೆದು ಎದೆಗೆ ತುಂಬಬಹುದು, ಆದರೆ ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ. ಗಂಡಸರಿಗೆ ಸ್ತನ ಬೆಳೆದರೆ ತೆಗೆಯುವ ಆಪರೇಷನ್ ಬೇರೆ, ಎರಡನ್ನೂ ಬೆರೆಸಬೇಡಿ. ಇನ್ನು, ಕಟ್ಟುಮಸ್ತಾಗಿದ್ದೂ ಕನ್ನಡಿಯಲ್ಲಿ ತಾನು ನರಪೇತಲನಂತೆ ಕಾಣುವವನಿಗೆ ನಾನು ಕತ್ತಿ ಎತ್ತುವುದಿಲ್ಲ. ಅವನನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಇದಕ್ಕೇ ಇನ್ನೊಂದು ಗಂಟೆ ಬೇಕಿತ್ತು.

ಪ್ರಶ್ನೆಗಳಿದ್ದರೆ ಕೇಳಿ. ಎದ್ದು ನಿಂತು ಕೇಳಲು ಸಂಕೋಚವಾದರೆ ಕಾಗದದಲ್ಲಿ ಬರೆದುಕೊಡಿ, ಹೆಸರು ಬೇಡ. "ನನ್ನ ಸ್ನೇಹಿತನೊಬ್ಬನಿಗೆ" ಅಂತ ಬರೆದರೂ ಪರವಾಗಿಲ್ಲ.