ಕಾರ್ಖಾನೆಯ ನಕ್ಷೆಯಲ್ಲಿ ಜಿಪ್ಸಂ ಗುಡ್ಡ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಫಾಸ್ಫೇಟ್ ಗೊಬ್ಬರದ ಕಾರ್ಖಾನೆಯಿಂದ ಅತಿ ಹೆಚ್ಚು ಹೊರಬರುವುದು ಏನು? ಗೊಬ್ಬರ ಅಂತ ನೀವು ಹೇಳಬಹುದು. ತೂಕ ಹಾಕಿದರೆ ಹಾಗಲ್ಲ. 1 ಟನ್ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರ ಆಚೆ ಹೋಗುವಷ್ಟರಲ್ಲಿ, 2 ಟನ್‌ಗೂ ಜಾಸ್ತಿ ಜಿಪ್ಸಂ ಕಾರ್ಖಾನೆಯ ಹಿತ್ತಲಲ್ಲಿ ಬಿದ್ದಿರುತ್ತದೆ. ಗೊಬ್ಬರ ಲಾರಿ, ಹಡಗು ಹತ್ತುತ್ತದೆ. ಜಿಪ್ಸಂ ಅಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಹೇಳುವುದು, ಇಂಥ ಕಾರ್ಖಾನೆಯ ಯೋಜನೆಯನ್ನು ಜಿಪ್ಸಂ ಕಡೆಯಿಂದ ಶುರು ಮಾಡಬೇಕು.

ಈ ಜಿಪ್ಸಂ ಎಲ್ಲಿಂದ ಬರುತ್ತದೆ? ಫಾಸ್ಫೇಟ್ ಕಲ್ಲಿನಲ್ಲಿ ರಂಜಕ, ಕ್ಯಾಲ್ಸಿಯಂ, ಫ್ಲೋರಿನ್ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಸುಮ್ನೆ ಪುಡಿ ಮಾಡಿ ಹೊಲಕ್ಕೆ ಹಾಕಿದರೆ ಹೆಚ್ಚಿನ ಮಣ್ಣುಗಳಲ್ಲಿ ಬೇರಿಗೆ ಸಿಗುವುದು ತೀರಾ ಕಡಿಮೆ. ಸಲ್ಫ್ಯೂರಿಕ್ ಆಸಿಡ್ ಹಾಕಿದರೆ ಅದು ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಜಿಪ್ಸಂ ಆಗುತ್ತದೆ, ರಂಜಕ ಬಿಡುಗಡೆಯಾಗುತ್ತದೆ. ರಂಜಕವಿರುವ ಮೂಳೆಗೆ ಈ ಆಸಿಡ್ ಹಾಕಬಹುದು ಅಂತ 1840ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಸೂಚಿಸಿದರು. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಹೀಗೆ ಮಾಡಿದ ಸೂಪರ್‌ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದರು, ಮರುವರ್ಷವೇ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಆ ಸೂಪರ್‌ಫಾಸ್ಫೇಟ್‌ನಲ್ಲಿ ಜಿಪ್ಸಂ ಗೊಬ್ಬರದ ಒಳಗೇ ಇರುತ್ತಿತ್ತು, ಅದರ ಜೊತೆಗೇ ಹೊಲಕ್ಕೆ ಹೋಗುತ್ತಿತ್ತು. ಆಮೇಲೆ ಸಾಗಣೆ ಖರ್ಚು ಇಳಿಯಬೇಕು, ಗೊಬ್ಬರದಲ್ಲಿ ರಂಜಕ ಜಾಸ್ತಿ ಇರಬೇಕು ಅಂತ ಮೊದಲು ಫಾಸ್ಫಾರಿಕ್ ಆಸಿಡ್ ಮಾಡಿ, ಅದರಿಂದ ಡಿಎಪಿಯಂಥ ಗೊಬ್ಬರ ಮಾಡುವ ದಾರಿ ಬಂತು. ಜಿಪ್ಸಂ ಬೇರೆಯಾಗಿ ಕಾರ್ಖಾನೆಯಲ್ಲೇ ಉಳಿದದ್ದು ಆಗಲೇ.

ಈಗ ಸಲ್ಫ್ಯೂರಿಕ್ ಆಸಿಡ್ ಘಟಕಕ್ಕೆ ಬರೋಣ. ಗಂಧಕವನ್ನು ಕರಗಿಸಬೇಕು, ಉರಿಸಬೇಕು, ಬಂದ ಅನಿಲವನ್ನು ವೆನೇಡಿಯಂ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸಬೇಕು. ಸುಮಾರು 120 ಡಿಗ್ರಿಯಲ್ಲಿ ಕರಗಿದ ಗಂಧಕ ನೀರಿನ ಹಾಗೆ ಹರಿಯುತ್ತದೆ. 160 ಡಿಗ್ರಿ ದಾಟಿತೋ, ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಪಂಪು ಎಳೆಯುವುದೇ ಇಲ್ಲ. ಹಾಗಾಗಿ ಪೈಪಿನ ಸುತ್ತ ಹಬೆ ಹಾಯಿಸಿ 135-140ರ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತೇವೆ. ಕೊನೆಗೆ ಸಿಗುವ ಸಲ್ಫರ್ ಟ್ರೈಆಕ್ಸೈಡ್ ಅನ್ನು ನೇರ ನೀರಿಗೆ ಬಿಡುವ ಹಾಗಿಲ್ಲ, ಹಿಡಿಯಲಾಗದ ಆಸಿಡ್ ಮಂಜು ಏಳುತ್ತದೆ. 98 ಪರ್ಸೆಂಟ್ ಆಸಿಡ್‌ನಲ್ಲೇ ಹೀರಿಸಿಕೊಂಡು, ಆಮೇಲೆ ನೀರು ಸೇರಿಸುತ್ತೇವೆ.

ಇಲ್ಲಿ ಎಳೆಯ ಎಂಜಿನಿಯರುಗಳಿಗೆ ಒಂದು ಮಾತು. 98 ಪರ್ಸೆಂಟ್ ಆಸಿಡ್ ಮಾಮೂಲಿ ಉಕ್ಕಿನ ಟ್ಯಾಂಕಿನಲ್ಲಿ ತೆಪ್ಪಗೆ ಕೂತಿರುತ್ತದೆ. ಸ್ವಲ್ಪ ನೀರು ಸೇರಿ ತೆಳುವಾದರೆ ಉಕ್ಕನ್ನು ತಿನ್ನುತ್ತದೆ, ಕಿಡಿ ತಾಗಿದರೆ ಸಿಡಿಯುವ ಹೈಡ್ರೋಜನ್ ಬಿಡುತ್ತದೆ. ಖಾಲಿ ಟ್ಯಾಂಕ್ ಅಂದುಕೊಂಡು ಅದರ ಮೇಲೆ ವೆಲ್ಡಿಂಗ್ ಮಾಡಲು ಹತ್ತಿದವರು ಪ್ರಾಣ ಕಳೆದುಕೊಂಡಿದ್ದಾರೆ. ಒಳಗಿನ ಗಾಳಿ ಪರೀಕ್ಷೆ ಮಾಡದೆ ಕಿಡಿ ಹತ್ತಿರ ತರಬೇಡಿ, ಯಾರು ಎಷ್ಟೇ ಅವಸರ ಮಾಡಲಿ.

ಈ ಘಟಕದಲ್ಲಿ ಹೆಜ್ಜೆ ಹೆಜ್ಜೆಗೂ ಬಿಸಿ ಹುಟ್ಟುತ್ತದೆ. 1 ಟನ್ ಆಸಿಡ್‌ನ ಜೊತೆಗೆ 1 ಟನ್‌ಗೂ ಜಾಸ್ತಿ ಹಬೆ ಸಿಗುತ್ತದೆ. ಅದು ಟರ್ಬೈನ್ ತಿರುಗಿಸುತ್ತದೆ. ಉಳಿದ ಹಬೆ ಪಕ್ಕದ ಘಟಕದಲ್ಲಿ ತೆಳು ಫಾಸ್ಫಾರಿಕ್ ಆಸಿಡ್ ಅನ್ನು 28ರಿಂದ 54 ಪರ್ಸೆಂಟ್‌ಗೆ (P2O5, ಅಂದರೆ ರಂಜಕದ ಆಕ್ಸೈಡ್ ಲೆಕ್ಕದಲ್ಲಿ) ಏರಿಸುತ್ತದೆ. ಆದ್ದರಿಂದ ಸಲ್ಫ್ಯೂರಿಕ್ ಘಟಕ ಮೊದಲು ಏಳಬೇಕು. ಅದು ನಿಂತ ದಿನ ಆಸಿಡ್ ಇದ್ದರೂ ಹಬೆ ಇರುವುದಿಲ್ಲ, ಪಕ್ಕದ ಘಟಕವೂ ಕುಂಟುತ್ತದೆ.

ಈಗ ನನಗೆ ತುಂಬ ಇಷ್ಟದ ಜಾಗ, ಕಲ್ಲು ಮತ್ತು ಆಸಿಡ್ ಕೂಡುವ ರಿಯಾಕ್ಟರ್. ಒಳಗೆ 75-80 ಡಿಗ್ರಿ, ಬೂದು ಬಣ್ಣದ ಗಂಜಿಯಂಥ ದ್ರವ ಸುತ್ತುತ್ತಿರುತ್ತದೆ. ಅದರಲ್ಲಿ ಜಿಪ್ಸಂ ಹರಳು ಬೆಳೆಯುತ್ತದೆ. ಸಲ್ಫ್ಯೂರಿಕ್ ಆಸಿಡ್ ಕಡಿಮೆಯಾದರೆ ಹರಳಿನ ಒಳಗೇ ರಂಜಕ ಸಿಕ್ಕಿಕೊಂಡು ನಷ್ಟವಾಗುತ್ತದೆ. ಜಾಸ್ತಿಯಾದರೆ ಕಲ್ಲಿನ ಕಣಕ್ಕೇ ಜಿಪ್ಸಂ ಲೇಪ ಕೂತು, ಒಳಗಿನ ಕಲ್ಲು ಹಾಗೇ ಉಳಿಯುತ್ತದೆ. ಕಾರ್ಖಾನೆಯ ಲಾಭವೆಲ್ಲ ಈ ಕಿರಿದಾದ ಅಂತರದಲ್ಲಿದೆ.

ನಾನು ಕೆಲಸ ಮಾಡಿದ ಒಂದು ಕಡೆ, ಹೊಸ ಗಣಿಯ ಕಲ್ಲು ಬಂತು. ಲ್ಯಾಬ್ ವರದಿಯಲ್ಲಿ ರಂಜಕದ ಪ್ರಮಾಣ ಚೆನ್ನಾಗಿತ್ತು, ಎಲ್ಲರೂ ಒಪ್ಪಿದೆವು. ಎರಡೇ ದಿನದಲ್ಲಿ ರಿಯಾಕ್ಟರ್ ಮೇಲೆ ನೊರೆ ಉಕ್ಕಿತು, ಆಸಿಡ್‌ನಿಂದ ಜಿಪ್ಸಂ ಅನ್ನು ಸೋಸಿ ಬೇರೆ ಮಾಡುವ ಫಿಲ್ಟರ್ ಅರ್ಧ ವೇಗಕ್ಕೆ ಇಳಿಯಿತು. ಗ್ಲೌಸ್ ಹಾಕಿದ ಕೈಯಲ್ಲಿ ಫಿಲ್ಟರ್ ಮೇಲಿನ ಜಿಪ್ಸಂ ಹಿಡಿದು ನೋಡಿದೆ. ಮೊದಲು ಒದ್ದೆ ಮರಳಿನ ಹಾಗೆ ಉದುರುತ್ತಿದ್ದದ್ದು ಈಗ ಕೆಸರಿನ ಹಾಗೆ ಬೆರಳಿಗೆ ಅಂಟುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ದಪ್ಪ ಹರಳುಗಳ ಬದಲು ಸಣ್ಣ ಸೂಜಿಗಳು ಕಂಡವು. ಆ ಕಲ್ಲಿನಲ್ಲಿ ಜೇಡಿಯೂ ಸಾವಯವ ಅಂಶವೂ ಹೆಚ್ಚಿದ್ದವು. ಅದನ್ನು ಅಳೆಯಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಂದಿನಿಂದ, ಸಣ್ಣ ರಿಯಾಕ್ಟರಿನಲ್ಲಿ ಹರಳು ಬೆಳೆಸಿ, ಸೋಸಿ ನೋಡದ ಕಲ್ಲಿಗೆ ನಾನು ಒಪ್ಪಿಗೆ ಕೊಟ್ಟಿಲ್ಲ.

ಫಿಲ್ಟರ್ ದಾಟಿದ ಜಿಪ್ಸಂ ಗುಡ್ಡಕ್ಕೆ ಹೋಗುತ್ತದೆ. ಅದರಲ್ಲಿ ಉಳಿದ ಆಸಿಡ್, ಫ್ಲೋರಿನ್, ಕಲ್ಲಿನಿಂದ ಬಂದ ರೇಡಿಯಂ ಎಲ್ಲ ಇರುತ್ತದೆ. ರೇಡಿಯಂನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹೊರಡುತ್ತದೆ ಅಂತಲೇ ಅಮೆರಿಕದಲ್ಲಿ 1989ರಿಂದ ಇದನ್ನು ಗುಡ್ಡದಲ್ಲೇ ಇಡಬೇಕೆಂಬ ನಿಯಮ ಬಂತು. ಗುಡ್ಡದ ಮೇಲಿನ ಕೊಳದ ನೀರು ಹುಳಿ ನೀರು. ಕಾರ್ಖಾನೆ ನಡೆಯುವಾಗ ಅದನ್ನು ಮತ್ತೆ ಬಳಸುತ್ತೇವೆ. ಕಾರ್ಖಾನೆ ನಿಂತರೂ ಮಳೆ ನಿಲ್ಲುವುದಿಲ್ಲ ಅಲ್ವಾ? ಫ್ಲೋರಿಡಾದ ಪೈನಿ ಪಾಯಿಂಟ್ ಕಾರ್ಖಾನೆಯನ್ನು ಮಾಲೀಕರು 2001ರಲ್ಲೇ ಬಿಟ್ಟುಹೋಗಿದ್ದರು. 20 ವರ್ಷದ ಮೇಲೆ, 2021ರಲ್ಲಿ, ಅಲ್ಲಿನ ಕೊಳ ಸೋರಿತು. ಗೋಡೆ ಒಡೆದೀತು ಅಂತ ಸುತ್ತಲಿನ ಮನೆಗಳನ್ನು ಖಾಲಿ ಮಾಡಿಸಿದರು. ಒತ್ತಡ ಇಳಿಸಲು ಸುಮಾರು 80 ಕೋಟಿ ಲೀಟರ್ ನೀರನ್ನು ಟ್ಯಾಂಪಾ ಕೊಲ್ಲಿಗೆ ಬಿಡಬೇಕಾಯಿತು. ಗೊಬ್ಬರ ಮಾರಿದವರು ಆಗ ಅಲ್ಲಿರಲಿಲ್ಲ, ಅದರ ನೀರನ್ನು ಸಹಿಸಿದವರು ಬೇರೆಯವರು. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಜಪಾನ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ನೈಸರ್ಗಿಕ ಜಿಪ್ಸಂ ಕಡಿಮೆ, ಸಿಮೆಂಟಿಗೂ ಗೋಡೆ ಹಲಗೆಗೂ ಅದು ಬೇಕು. ಹಾಗಾಗಿ ಮಾರಲು ಯೋಗ್ಯವಾದ ಜಿಪ್ಸಂ ಸಿಗುವ ಹಾಗೆ ಅವರು ಪ್ರಕ್ರಿಯೆಯನ್ನೇ ಬದಲಿಸಿದರು. ಮೊದಲು ಹೆಚ್ಚು ಬಿಸಿಯಲ್ಲಿ ಅರೆನೀರಿನ ಹರಳು (ಜಿಪ್ಸಂಗಿಂತ ಕಡಿಮೆ ನೀರು ಹಿಡಿದಿರುವ ಹರಳು) ಬೆಳೆಸಿ, ಅದನ್ನು ತಣಿಸಿ, ಕರಗಿಸಿ ಮತ್ತೆ ಜಿಪ್ಸಂ ಆಗಿ ಹರಳುಗಟ್ಟಿಸಿದರು. ಟ್ಯಾಂಕ್ ಜಾಸ್ತಿ ಬೇಕು, ಬಂಡವಾಳವೂ ಜಾಸ್ತಿ. ಆದರೆ ಎರಡನೇ ಸಲ ಹರಳು ಕಟ್ಟುವಾಗ, ಮೊದಲ ಹರಳಿನೊಳಗೆ ಸಿಕ್ಕಿಬಿದ್ದಿದ್ದ ರಂಜಕವೂ ಬಿಡಿಸಿಕೊಂಡು ಆಸಿಡ್‌ಗೆ ವಾಪಸ್ ಬಂತು.